ಫಸ್ಟ್ ಪಿಯುನಲ್ಲಿ ಮಾರ್ಕ್ಸ್ ಕಡಿಮೆಯಾದದ್ದು ಯಾಕೆ ಅಂತ ಅರ್ಜಿಯಲ್ಲಿ ಬರೆಯುವುದು ಹೇಗೆ

ಸಿಇಟಿ ಬರೆದು ಇಂಜಿನಿಯರಿಂಗ್‌ಗೆ ಹೋಗುವವರು ಈ ತಲೆನೋವು ಹಚ್ಚಿಕೊಳ್ಳಬೇಕಾಗಿಲ್ಲ. ಅಲ್ಲಿ ಸೆಕೆಂಡ್ ಪಿಯು ವಿಜ್ಞಾನ ವಿಷಯಗಳ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ ತೂಕ ಕೊಟ್ಟು ರ‍್ಯಾಂಕ್ ಮಾಡುತ್ತಾರೆ. ಫಸ್ಟ್ ಪಿಯು ಲೆಕ್ಕಕ್ಕೇ ಇಲ್ಲ. ಮನೆಯಲ್ಲಿ ಏನಾಯಿತು ಅಂತ ಬರೆಯೋಕೆ ಆ ಫಾರಂನಲ್ಲಿ ಜಾಗವೂ ಇಲ್ಲ. ನೀಟ್ ಕೂಡ ಹಾಗೇ, ರ‍್ಯಾಂಕ್ ಬರುವುದು ನೀಟ್ ಅಂಕದಿಂದ. ಸೆಕೆಂಡ್ ಪಿಯುನಲ್ಲೇ ಎಡವಿದ್ದರೆ, 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ವ್ಯವಸ್ಥೆ ಬಂದಿದೆ. ಪರೀಕ್ಷೆ-2 ಬರೆಯಿರಿ, ಜಾಸ್ತಿ ಬಂದ ಅಂಕ ಉಳಿಯುತ್ತದೆ. ವಿವರಣೆ ಬರೆಯುವ ಹೊತ್ತಿನಲ್ಲಿ ಗಣಿತದ ಇನ್ನೊಂದು ಪಾಠ ಮುಗಿಸಬಹುದು.

ನಾನು ಬರೆಯುತ್ತಿರುವುದು ಉಳಿದವರಿಗೆ. ಅಮೆರಿಕಕ್ಕೋ ಬ್ರಿಟನ್ನಿಗೋ ಅರ್ಜಿ ಹಾಕುವವರಿಗೆ. ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಥರ ಸಂದರ್ಶನ ಮಾಡಿ ಸೇರಿಸಿಕೊಳ್ಳುವ ಕಡೆ ಹೋಗುವವರಿಗೆ. ಅಂಥ ಕಡೆ ನಿಮ್ಮ ಮಾರ್ಕ್ಸ್ ಕಾರ್ಡನ್ನು ಒಬ್ಬ ಮನುಷ್ಯ ಕೂತು ಓದುತ್ತಾನೆ, ಓದಿದವನಿಗೆ ಪ್ರಶ್ನೆ ಏಳುತ್ತದೆ.

ನಾನು ರಾಜಾಜಿನಗರದ ಕಡೆ ಒಂದು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ನಮ್ಮಂಥ ಕಾಲೇಜಿನಲ್ಲಿ ಕೌನ್ಸೆಲರ್ ಅಂತ ಯಾರೂ ಇರುವುದಿಲ್ಲ. ಹೊರದೇಶದ ಫಾರಂ ಬಂತೆಂದರೆ ಆಫೀಸಿನವರು "ಇಂಗ್ಲಿಷ್ ಮೇಡಂ ಹತ್ರ ಹೋಗು" ಅಂತಾರೆ. ಹಾಗಾಗಿ ಈ ಕೆಲಸ ನನ್ನ ಪಾಲಿಗೆ ಬಂತು.

ಹೊರಗಿನ ಅರ್ಜಿಗಳಲ್ಲಿ ಫಸ್ಟ್ ಪಿಯುಗೆ ಇಷ್ಟೊಂದು ತೂಕ ಬರುವುದು ತಾರೀಖುಗಳ ದೆಸೆಯಿಂದ. ಅಮೆರಿಕದ ಬಹುಪಾಲು ಹೆಸರಾಂತ ಕಾಲೇಜುಗಳು ಬಳಸುವ ಕಾಮನ್ ಆ್ಯಪ್ ಅನ್ನುವ ಆನ್‌ಲೈನ್ ಅರ್ಜಿ ತೆರೆಯುವುದು ಆಗಸ್ಟ್ 1ಕ್ಕೆ. ಬೇಗ ಹಾಕುವವರ ಗಡುವು ನವೆಂಬರ್ ಆಸುಪಾಸು, ಉಳಿದವರದ್ದು ಹೆಚ್ಚಾಗಿ ಜನವರಿ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಯುಕಾಸ್‌ಗೂ ಜನವರಿ ಮಧ್ಯಭಾಗ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಆದರೆ ಅಕ್ಟೋಬರ್ 15. ನಮ್ಮ ಸೆಕೆಂಡ್ ಪಿಯು ಫಲಿತಾಂಶ ಬರುವುದು ಏಪ್ರಿಲ್‌ನಲ್ಲಿ. ಅಂದರೆ ಅವರ ಕೈಯಲ್ಲಿರುವ ಕೊನೆಯ ಪೂರ್ತಿ ವರ್ಷದ ಕಾರ್ಡು ಫಸ್ಟ್ ಪಿಯುದೇ. ಇಲ್ಲಿ ಯಾರೂ ಕೇಳದ ಕಾರ್ಡು ಅಲ್ಲಿ ಮೊದಲು ಕಣ್ಣಿಗೆ ಬೀಳುತ್ತದೆ.

ಹಾಗಂತ ಮಾರ್ಕ್ಸ್ ಕಡಿಮೆಯಾದವರೆಲ್ಲ ಬರೆಯಬೇಕಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 94 ಇದ್ದದ್ದು ಸೈನ್ಸ್ ತಗೊಂಡ ಮೇಲೆ 87 ಆಯಿತು ಅಂದರೆ ಅದು ಎಲ್ಲರ ಮನೆಯ ಕತೆ. ಅದಕ್ಕೆ ಅಜ್ಜಿಗೆ ಹುಷಾರಿರಲಿಲ್ಲ ಅನ್ನುವುದನ್ನು ಅಂಟಿಸಬೇಡಿ. ಓದುವವರಿಗೆ ಅಂಟಿಸಿದ್ದು ಗೊತ್ತಾಗುತ್ತದೆ. ಮನೆಯಲ್ಲಿ ನಿಜವಾಗಿ ಏನೋ ಆಗಿ, ಅದರಿಂದ ಓದು ನಿಂತು, ಅದು ಕಾರ್ಡಿನಲ್ಲಿ ಎದ್ದು ಕಾಣುತ್ತಿದ್ದರೆ ಮಾತ್ರ ಪೆನ್ನು ಹಿಡಿಯಿರಿ.

ಮೊದಲು ಕಾರ್ಡು ಓದಿ, ಆಮೇಲೆ ಬರೆಯಿರಿ

ಹೋದ ವರ್ಷ ಲಗ್ಗೆರೆಯ ಒಬ್ಬ ಹುಡುಗಿ ಬಂದಳು. ಹೆಸರು ಬೇಡ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 571. ಫಸ್ಟ್ ಪಿಯುನಲ್ಲಿ 600ಕ್ಕೆ 370. ಅವಳು ಬರೆದುಕೊಂಡು ಬಂದಿದ್ದ ಹಾಳೆಯ ಮೊದಲ ಸಾಲು ಹೀಗಿತ್ತು: "ನನ್ನ ತಂದೆಯವರ ಅನಾರೋಗ್ಯದಿಂದ ನನ್ನ ಬಾಳಿನಲ್ಲಿ ಕತ್ತಲೆ ಕವಿಯಿತು. ಆದರೂ ನಾನು ಧೃತಿಗೆಡದೆ ಕಷ್ಟಗಳನ್ನು ಎದುರಿಸಿ ಮುನ್ನಡೆದೆನು." ಕೊನೆಯಲ್ಲಿ "ದಯಮಾಡಿ ನನ್ನ ಅಂಕಗಳನ್ನು ಮನ್ನಿಸಬೇಕಾಗಿ ವಿನಂತಿ". ಇದು ನಮ್ಮ ಮಕ್ಕಳ ತಪ್ಪಲ್ಲ. ನಾವು ಹೇಳಿಕೊಟ್ಟ ಲೀವ್ ಲೆಟರ್ ಇದೇ ತಾನೇ? ನಾಲ್ಕನೇ ಕ್ಲಾಸಿನಿಂದ "ಈ ಮೂಲಕ ಕೇಳಿಕೊಳ್ಳುವುದೇನೆಂದರೆ" ಅಂತ ಬರೆಸಿದವರು ನಾವೇ.

ಹಾಳೆ ಪಕ್ಕಕ್ಕಿಟ್ಟು ಅವಳ ಮಾರ್ಕ್ಸ್ ಕಾರ್ಡ್ ತೆಗೆದೆ. ಕನ್ನಡ 82, ಇಂಗ್ಲಿಷ್ 78, ಕೆಮಿಸ್ಟ್ರಿ 61, ಕಂಪ್ಯೂಟರ್ ಸೈನ್ಸ್ 66. ಫಿಸಿಕ್ಸ್ 44, ಮ್ಯಾಥ್ಸ್ 39.

"ಇವೆರಡೇ ಯಾಕಮ್ಮ ಇಷ್ಟು ಕೆಳಗೆ?" ಅಂತ ಕೇಳಿದೆ.

"ಬೆಳಿಗ್ಗೆ ಅಪ್ಪಂಗೆ ಕೈಕಾಲು ಎಕ್ಸರ್‌ಸೈಜ್ ಮಾಡಿಸಿ, ಸ್ನಾನ ಮಾಡಿಸಿ, ತಮ್ಮನ್ನ ಸ್ಕೂಲಿಗೆ ಬಿಟ್ಟು ಬರೋಷ್ಟರಲ್ಲಿ ಎರಡು ಪೀರಿಯಡ್ ಮುಗಿದಿರ್ತಿತ್ತು ಮಿಸ್. ಮೊದಲನೇದು ಮ್ಯಾಥ್ಸು, ಎರಡನೇದು ಫಿಸಿಕ್ಸು. ವಾರದಲ್ಲಿ ನಾಲ್ಕು ದಿನ ಹಂಗೇ ಟೈಮ್‌ಟೇಬಲ್ ಇತ್ತು."

ಇಷ್ಟೇ ಬೇಕಿದ್ದದ್ದು. ಇದು ಅವಳ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಕತ್ತಲೆ ಯಾರ ಬಾಳಿನಲ್ಲಾದರೂ ಕವಿಯಬಹುದು. ಆದರೆ ಮೊದಲ ಎರಡು ಪೀರಿಯಡ್ ತಪ್ಪಿ, ಆ ಎರಡೇ ವಿಷಯ ಬಿದ್ದು, ಮೂರನೇ ಪೀರಿಯಡ್‌ನಿಂದ ಕೂತು ಕೇಳಿದ ಪಾಠಗಳಲ್ಲಿ ಅರವತ್ತು, ಎಂಬತ್ತು ಬಂದಿದೆ ಅಂದರೆ ಅದನ್ನು ಕಾರ್ಡೇ ಹೇಳುತ್ತದೆ. ನೀವು ಬರೆದದ್ದಕ್ಕೆ ಕಾರ್ಡು ಸಾಕ್ಷಿ ಹೇಳಬೇಕು.

ಹಾಗಾಗಿ ಕಾರ್ಡನ್ನು ಮುಂದಿಟ್ಟುಕೊಂಡು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಯಾವ ತಿಂಗಳಿಂದ ಬಿತ್ತು? ಎಲ್ಲಾ ವಿಷಯವೂ ಬಿತ್ತಾ, ಕೆಲವೇ ಬಿತ್ತಾ? ಅಟೆಂಡೆನ್ಸ್ ಎಷ್ಟಿತ್ತು? ಪಿಯುನಲ್ಲಿ ಶೇ 75 ಹಾಜರಾತಿ ಬೇಕು. ಅದರ ಅಂಚಿಗೆ ಬಂದಿದ್ದರೆ ಕಾಲೇಜಿನ ರಿಜಿಸ್ಟರ್‌ನಲ್ಲಿ ಇದ್ದೇ ಇರುತ್ತದೆ. ಟೆಸ್ಟ್, ಮಿಡ್‌ಟರ್ಮ್, ವಾರ್ಷಿಕ ಪರೀಕ್ಷೆ, ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಜುಲೈ ಟೆಸ್ಟಿನಲ್ಲಿ ಚೆನ್ನಾಗಿದ್ದು ಆಗಸ್ಟ್ ಆದಮೇಲೆ ಕುಸಿದಿದ್ದರೆ ಆ ತಿಂಗಳನ್ನೇ ಹೇಳಬೇಕು.

ಮೊದಲು ಕನ್ನಡದಲ್ಲೇ ಬರೆಯಿರಿ, ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ. ಇಂಗ್ಲಿಷ್‌ನಲ್ಲಿ ಶುರು ಮಾಡಿದರೆ ಗೊತ್ತಿರುವ ನಾಲ್ಕು ದೊಡ್ಡ ಪದಗಳ ಹಿಂದೆ ನಡೆದದ್ದು ಮರೆಯಾಗುತ್ತದೆ. ಕನ್ನಡದಲ್ಲಿ ಸರಿಯಾದ ಮೇಲೆ ಸಾದಾ ಇಂಗ್ಲಿಷ್‌ಗೆ ತನ್ನಿ. ನಾವು ಕೊನೆಗೆ ನಿಲ್ಲಿಸಿದ್ದು ಹೀಗೆ:

"2024ರ ಆಗಸ್ಟ್‌ನಲ್ಲಿ, ನಾನು ಫಸ್ಟ್ ಪಿಯುನಲ್ಲಿದ್ದಾಗ, ನನ್ನ ತಂದೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿತು. ಅವರು ಆಟೋ ಓಡಿಸುತ್ತಿದ್ದರು, ಅದು ನಿಂತಿತು. ನನ್ನ ತಾಯಿ ಪೀಣ್ಯದ ಒಂದು ಗಾರ್ಮೆಂಟ್ಸ್‌ಗೆ ಸೇರಿದರು. ಅವರು ಬೆಳಿಗ್ಗೆ ಎಂಟಕ್ಕೇ ಮನೆ ಬಿಡಬೇಕಿತ್ತು. ತಂದೆಯ ಆರೈಕೆ ಮತ್ತು ತಮ್ಮನನ್ನು ಶಾಲೆಗೆ ಬಿಡುವುದು ನನ್ನ ಕೆಲಸವಾಯಿತು. ಇದರಿಂದ ವಾರದಲ್ಲಿ ನಾಲ್ಕು ದಿನ ಮೊದಲ ಎರಡು ತರಗತಿ ತಪ್ಪುತ್ತಿದ್ದವು, ಗಣಿತ ಮತ್ತು ಭೌತಶಾಸ್ತ್ರ. ಆ ವರ್ಷ ನನಗೆ ಕಡಿಮೆ ಅಂಕ ಬಂದದ್ದು ಈ ಎರಡರಲ್ಲೇ. 2025ರ ಮೇನಲ್ಲಿ ಅಜ್ಜಿ ಕುಣಿಗಲ್‌ನಿಂದ ಬಂದು ನಮ್ಮ ಜೊತೆ ಇದ್ದಾರೆ. ತಂದೆ ಈಗ ಕೋಲು ಹಿಡಿದು ನಡೆಯುತ್ತಾರೆ. ಜೂನ್‌ನಿಂದ ನಾನು ಎಲ್ಲ ತರಗತಿಗಳಿಗೂ ಹೋಗುತ್ತಿದ್ದೇನೆ. ಬೇಸಿಗೆ ರಜೆಯಲ್ಲಿ ಫಸ್ಟ್ ಪಿಯು ಗಣಿತವನ್ನು ಮೊದಲಿನಿಂದ ಓದಿದೆ. ಸೆಕೆಂಡ್ ಪಿಯು ಮಿಡ್‌ಟರ್ಮ್‌ನಲ್ಲಿ ಗಣಿತದಲ್ಲಿ 68, ಭೌತಶಾಸ್ತ್ರದಲ್ಲಿ 65 ಬಂದಿದೆ."

ಇದರಲ್ಲಿ ಅಳು ಇಲ್ಲ, ಕ್ಷಮೆ ಕೇಳಿಲ್ಲ, ತೊಂಬತ್ತು ತೆಗೀತೀನಿ ಅನ್ನುವ ಭಾಷೆಯೂ ಇಲ್ಲ. ಕೊನೆಯ ನಾಲ್ಕೈದು ಸಾಲು ತುಂಬ ಮುಖ್ಯ. ಓದುವವರಿಗೆ ಕನಿಕರ ಇರುತ್ತದೆ, ಆದರೆ ಅವರ ತಲೆಯಲ್ಲಿ ಕೊರೆಯುವ ಪ್ರಶ್ನೆ ಬೇರೆ: ಈ ಹುಡುಗಿ ನಮ್ಮಲ್ಲಿಗೆ ಬಂದರೆ ಓದಿಗೆ ಈಗ ಬಿಡುವಿದೆಯಾ? ಅಜ್ಜಿ ಬಂದದ್ದು ಅದಕ್ಕೇ ಬೇಕು. 68 ದೊಡ್ಡ ಅಂಕವಲ್ಲ, ನಿಜ. ಆದರೆ 39ರ ಪಕ್ಕ ಇಟ್ಟು ನೋಡಿದವರಿಗೆ ಅದು ಸಾಕು.

ಮನೆಯ ಪರಿಸ್ಥಿತಿ ಇನ್ನೂ ಸರಿಹೋಗಿಲ್ಲ ಅಂತಿಟ್ಟುಕೊಳ್ಳಿ. ಸರಿಹೋಗಿದೆ ಅಂತ ಸುಳ್ಳು ಬರೆಯಬೇಡಿ. ಏನು ವ್ಯವಸ್ಥೆ ಮಾಡಿಕೊಂಡಿದ್ದೀರಿ ಅಷ್ಟು ಬರೆಯಿರಿ. "ಡಯಾಲಿಸಿಸ್‌ಗೆ ಈಗ ಚಿಕ್ಕಪ್ಪ ಕರ್ಕೊಂಡು ಹೋಗ್ತಾರೆ" ಅನ್ನುವುದೂ ಉತ್ತರವೇ.

ಎಲ್ಲಿ ಬರೆಯಬೇಕು

ಕಾಮನ್ ಆ್ಯಪ್‌ನಲ್ಲಿ ದೊಡ್ಡ ಪ್ರಬಂಧ ಒಂದಿದೆ, 650 ಪದದವರೆಗೆ. ಮಾರ್ಕ್ಸ್ ವಿಷಯ ಅಲ್ಲಿಗೆ ತರಬೇಡಿ. ಅದು ನೀವು ಯಾರು ಅಂತ ತೋರಿಸುವ ಜಾಗ. ಕಷ್ಟದ ವಿವರಕ್ಕೆ ಅಂತಲೇ ಅಡಿಷನಲ್ ಇನ್ಫರ್ಮೇಷನ್ ಭಾಗದಲ್ಲಿ ಚಾಲೆಂಜಸ್ ಅಂಡ್ ಸರ್ಕಮ್‌ಸ್ಟಾನ್ಸಸ್ ಅನ್ನುವ ಬೇರೆ ಪ್ರಶ್ನೆ ಇದೆ. 2025-26ರ ಫಾರಂನಲ್ಲಿ ಅದಕ್ಕೆ 250 ಪದ. ಅಷ್ಟೂ ತುಂಬಿಸಬೇಕು ಅಂತ ಹಟ ಬೇಡ. ಮೇಲಿನ ವಿವರಣೆ ಇಂಗ್ಲಿಷ್‌ನಲ್ಲಿ ಅದರೊಳಗೆ ಆರಾಮಾಗಿ ಕೂತಿತು.

ನಮ್ಮ ಮಕ್ಕಳು ಮರೆಯುವ ಇನ್ನೊಂದು ಜಾಗ ಇದೆ. ಚಟುವಟಿಕೆಗಳ ಪಟ್ಟಿ. ಹತ್ತು ಚಟುವಟಿಕೆ ಹಾಕಬಹುದು, ಒಂದೊಂದರ ವಿವರಕ್ಕೆ 150 ಅಕ್ಷರ. ಅದನ್ನು ನೋಡಿದ ಕೂಡಲೇ "ನಾನು ಡಿಬೇಟ್ ಮಾಡಿಲ್ಲ, ಸ್ಪೋರ್ಟ್ಸ್ ಇಲ್ಲ, ಏನು ಬರೀಲಿ ಮಿಸ್" ಅಂತ ಕೈಚೆಲ್ಲಿ ಕೂರುತ್ತಾರೆ. ಆ ಪಟ್ಟಿಯಲ್ಲಿ ಕುಟುಂಬದ ಜವಾಬ್ದಾರಿ ಅಂತಲೇ ಒಂದು ಬಗೆ ಇದೆ, ಸಂಬಳದ ಕೆಲಸ ಅಂತಲೂ ಇದೆ. ಅಪ್ಪನಿಗೆ ವ್ಯಾಯಾಮ ಮಾಡಿಸಿದ್ದು, ತಮ್ಮನಿಗೆ ಪಾಠ ಹೇಳಿದ್ದು, ಸಂಜೆ ದಿನಸಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಂಡದ್ದು, ವಾರಕ್ಕೆ ಎಷ್ಟು ಗಂಟೆ ಅನ್ನುವುದರ ಜೊತೆ ಅಲ್ಲಿಗೆ ಹೋಗಲಿ. ಹಾಗೆ ಮಾಡಿದರೆ ವಿವರಣೆಯ ಜಾಗದಲ್ಲಿ ಅದನ್ನು ಎಳೆಯುವ ಅಗತ್ಯವೂ ಬೀಳುವುದಿಲ್ಲ.

ಯುಕಾಸ್ ಲೆಕ್ಕ ಬೇರೆ. ಅಲ್ಲಿ 2026ರ ಪ್ರವೇಶದಿಂದ ಪರ್ಸನಲ್ ಸ್ಟೇಟ್‌ಮೆಂಟ್ ಅಂದರೆ ಮೂರು ಪ್ರಶ್ನೆಗಳಿಗೆ ಉತ್ತರ, ಎಲ್ಲಾ ಸೇರಿ 4,000 ಅಕ್ಷರ. ಮೂರೂ ನೀವು ಆರಿಸಿಕೊಂಡ ಕೋರ್ಸಿನ ಸುತ್ತಲೇ ಇವೆ. ಮನೆಯ ಕಷ್ಟವನ್ನು ಅಲ್ಲಿ ನೀವು ಬರೆಯುವುದಕ್ಕಿಂತ, ನಿಮಗೆ ರೆಫರೆನ್ಸ್, ಅಂದರೆ ಶಿಫಾರಸು, ಕೊಡುವ ಅಧ್ಯಾಪಕರು ಬರೆಯುವುದು ಒಳ್ಳೆಯದು. ರೆಫರೆನ್ಸ್ ಫಾರಂನ ಮೂರು ಭಾಗಗಳಲ್ಲಿ ಎರಡನೆಯದು ಇರುವುದೇ ಇದಕ್ಕೆ.

ಲೆಕ್ಚರರ್ ಹತ್ತಿರ ಬರೆಸಿಕೊಳ್ಳುವುದು

ಇಲ್ಲಿ ಸ್ವಲ್ಪ ಕಹಿ ಮಾತು. ಒಂದು ಸೆಕ್ಷನ್‌ನಲ್ಲಿ ಎಂಬತ್ತು ಮಕ್ಕಳಿರುತ್ತಾರೆ. ನಿಮ್ಮ ತಂದೆಗೆ ಏನಾಯಿತು ಅಂತ ನಮಗೆ ಗೊತ್ತಿರುವುದಿಲ್ಲ. ಲೇಟಾಗಿ ಬಂದ ಹುಡುಗಿ ಅಂತಷ್ಟೇ ನೆನಪಿರುತ್ತದೆ. ಸುಮ್ನೆ ಫಾರಂ ಮುಂದಿಟ್ಟರೆ "ಒಳ್ಳೆಯ ನಡತೆ, ಶಿಸ್ತಿನ ವಿದ್ಯಾರ್ಥಿನಿ, ಉಜ್ವಲ ಭವಿಷ್ಯ ಹಾರೈಸುತ್ತೇನೆ" ಅಂತ ಕ್ಯಾರೆಕ್ಟರ್ ಸರ್ಟಿಫಿಕೇಟ್ ಬಂದು ಬೀಳುತ್ತದೆ. ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ.

ಅವರಿಗೆ ಒಂದು ಪುಟದ ಹಾಳೆ ಕೊಡಿ. ಏನಾಯಿತು, ಯಾವ ತಿಂಗಳು, ಎಷ್ಟು ದಿನ ಕ್ಲಾಸಿಗೆ ಬರಲಾಗಲಿಲ್ಲ, ಮೊದಲಿನ ಅಂಕ, ಬಿದ್ದ ಅಂಕ, ಈಗಿನ ಅಂಕ. ಜೊತೆಗೆ ಅವರ ಕಣ್ಣಾರೆ ಕಂಡದ್ದೇನಾದರೂ ಇದ್ದರೆ ನೆನಪಿಸಿ. "ಸರ್, ಇಂಟಿಗ್ರೇಷನ್ ಪಾಠ ಲಂಚ್ ಅವರ್‌ನಲ್ಲಿ ನನಗೆ ಇನ್ನೊಂದು ಸಲ ಹೇಳಿಕೊಟ್ರಲ್ವಾ" ಅಂದರೆ ಸಾಕು, ಅವರು ಅದನ್ನೇ ಬರೆಯುತ್ತಾರೆ. ನೀವು ಬರೆದದ್ದನ್ನೇ ಅವರೂ ಬರೆದರೆ ಒಂದೇ ಮಾತು ಎರಡು ಸಲ ಆಯಿತು. ಅವರು ಕಂಡದ್ದು ಬಂದರೆ ಇನ್ನೊಬ್ಬರ ಸಾಕ್ಷಿ ಸಿಕ್ಕಿತು.

ಕಾಮನ್ ಆ್ಯಪ್‌ನಲ್ಲಿ ಕೌನ್ಸೆಲರ್ ಅಂತ ಇರುವ ಜಾಗದಲ್ಲಿ ನಮ್ಮಲ್ಲಿ ಪ್ರಿನ್ಸಿಪಾಲರೋ ವೈಸ್ ಪ್ರಿನ್ಸಿಪಾಲರೋ ಇರುತ್ತಾರೆ. ದಸರಾ ರಜೆಗೆ ಮುಂಚೆಯೇ ಅವರನ್ನು ಹಿಡಿಯಿರಿ. ಒಂಬತ್ತನೇ ಕ್ಲಾಸಿನ ಅಂಕಪಟ್ಟಿಯನ್ನೂ ಅಲ್ಲಿ ಕೇಳುತ್ತಾರೆ. ಅದಕ್ಕೆ ಹಳೇ ಹೈಸ್ಕೂಲಿಗೆ ಹೋಗಬೇಕು. ಅಲ್ಲಿ ಹಳೇ ರಿಜಿಸ್ಟರ್ ತೆಗೆಯುವ ಗುಮಾಸ್ತರು ರಜೆಯಲ್ಲಿದ್ದರೆ ಕತೆ ಮುಗೀತು.

ದಾಖಲೆಗಳ ವಿಷಯ. ಡಿಸ್ಚಾರ್ಜ್ ಸಮ್ಮರಿ, ಮರಣ ಪ್ರಮಾಣಪತ್ರ, ಕೆಲಸ ಹೋದ ಪತ್ರ, ಏನಿದೆಯೋ ಅದನ್ನು ಸ್ಕ್ಯಾನ್ ಮಾಡಿ ಒಂದು ಕಡೆ ಇಟ್ಟುಕೊಳ್ಳಿ. ಕೇಳದೆ ಕಳಿಸಬೇಡಿ. ಐಸಿಯುನಲ್ಲಿ ತೆಗೆದ ಫೋಟೊ ಅಂತೂ ಯಾವ ಕಾರಣಕ್ಕೂ ಬೇಡ. ಒಬ್ಬ ಹುಡುಗ ಅಪ್ಪನ ಮೂಗಿಗೆ ಪೈಪು ಹಾಕಿದ ಫೋಟೊ ಸೇರಿಸಿ ತಂದಿದ್ದ. ಆ ಅಪ್ಪನನ್ನು ಕೇಳಿದ್ಯಾ ಅಂದೆ. ಕೇಳಿರಲಿಲ್ಲ.

ಏನನ್ನು ಬಿಡಬೇಕು

ಮಕ್ಕಳಿಗಿಂತ ಇಲ್ಲಿ ತಾಯಂದಿರ ತಕರಾರು ಜಾಸ್ತಿ, ಅದರಲ್ಲಿ ನ್ಯಾಯವೂ ಇದೆ. ಲಗ್ಗೆರೆ ಹುಡುಗಿಯ ತಾಯಿ ಡ್ಯೂಟಿ ಮುಗಿಸಿಕೊಂಡು ನೇರ ಕಾಲೇಜಿಗೆ ಬಂದರು. "ಕೈಸಾಲದ ವಿಷಯ ಬರೀಬೇಡಿ ಮೇಡಂ. ಅವರಪ್ಪಂಗೆ ಗೊತ್ತಾದ್ರೆ ನೊಂದ್ಕೋತಾರೆ. ಇಷ್ಟಕ್ಕೂ ಸಾಲ ಮಾಡಿದ್ದು ನಾನು, ಮಾರ್ಕ್ಸ್ ಕಡಿಮೆ ಆಗಿದ್ದು ಅವಳದ್ದು" ಅಂದರು. ನನಗಿಂತ ಚೆನ್ನಾಗಿ ಹೇಳಿದರು. ಸಾಲ ತೆಗೆದರೂ ವಿವರಣೆ ಹಾಗೇ ನಿಲ್ಲುತ್ತದೆ ಅಂದರೆ ಸಾಲ ಬೇಡ. ಸಾಲಗಾರರು ಬಾಗಿಲಿಗೆ ಬಂದು ಪರೀಕ್ಷೆ ತಪ್ಪಿತು ಅಂತಾಗಿದ್ದರೆ ಮಾತು ಬೇರೆ. ಇನ್ನು ಹಣದ ಸಹಾಯ ಕೇಳುವ ಫಾರಂ ಪ್ರತ್ಯೇಕ. ಅಲ್ಲಿ ಆದಾಯ, ಸಾಲ ಎಲ್ಲ ಹೇಳಲೇಬೇಕು.

ತಂದೆಯ ಕುಡಿತ, ತಂದೆ ತಾಯಿ ಬೇರೆಯಾದದ್ದು, ಇವು ಬರೆಯೋಕೆ ಕಷ್ಟ. "ಮನೆಯ ವಾತಾವರಣ ಸರಿ ಇರಲಿಲ್ಲ" ಅಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಹಾಗಂತ ಯಾರ ತಪ್ಪು ಅಂತ ಪಂಚಾಯ್ತಿ ಮಾಡುವುದೂ ಬೇಡ. "ತಂದೆ ತಾಯಿ ಬೇರೆಯಾದರು, ನವೆಂಬರ್‌ನಲ್ಲಿ ನಾನು ತಾಯಿಯ ಜೊತೆ ಹಾಸನಕ್ಕೆ ಹೋದೆ, ಫೆಬ್ರವರಿಯಲ್ಲಿ ಪರೀಕ್ಷೆಗೆ ವಾಪಸ್ ಬಂದೆ, ನಡುವಿನ ಪಾಠಗಳು ತಪ್ಪಿದವು." ಇಷ್ಟರಲ್ಲಿ ಯಾರ ಮಾನವೂ ಹೋಗುವುದಿಲ್ಲ. ಬರೆಯುವ ಮೊದಲು ಮನೆಯವರಿಗೆ ಓದಿ ಹೇಳಿ. ಅವರ ಬದುಕೂ ಅದರಲ್ಲಿದೆ ಅಲ್ವಾ?

"ಇದೊಂದು ಆಗದಿದ್ದರೆ ನನಗೆ 95 ಬರುತ್ತಿತ್ತು" ಅನ್ನುವ ಸಾಲು ಹೊಡೆದುಹಾಕಿ. ಲೆಕ್ಚರರ್ ಸರಿ ಇರಲಿಲ್ಲ, ವ್ಯಾಲ್ಯುಯೇಷನ್ ಸರಿ ಆಗಲಿಲ್ಲ ಅನ್ನುವುದನ್ನೂ. ಅಪ್ಪನ ಕಾಯಿಲೆಯ ಜೊತೆ ಇವನ್ನು ಸೇರಿಸಿದರೆ ಅಪ್ಪನ ಕಾಯಿಲೆಯೂ ನೆಪದ ಹಾಗೆ ಕಾಣುತ್ತದೆ. ಫೇಲಾಗಿ ಸಪ್ಲಿಮೆಂಟರಿ ಬರೆದಿದ್ದರೆ ಮುಚ್ಚಿಡಬೇಡಿ, ಎರಡೂ ಕಾರ್ಡು ಕಳಿಸಿ, ಅದಕ್ಕೊಂದು ಸಾಲು ಕೊಡಿ. ಬೇರೆಯವರ ವಿವರಣೆ ನಕಲು ಮಾಡಿ ಹೆಸರು ಬದಲಾಯಿಸುವ ಯೋಚನೆ ಇದ್ದರೆ, ಯುಕಾಸ್‌ನವರು ಬರಹಗಳನ್ನು ಹೋಲಿಸಿ ನೋಡುತ್ತಾರೆ ಅನ್ನುವುದು ಗೊತ್ತಿರಲಿ.

ಎದುರಿಗೆ ಕೇಳಿದಾಗ

ಸಂದರ್ಶನದಲ್ಲಿ "ಫಸ್ಟ್ ಪಿಯುನಲ್ಲಿ ಏನಾಯ್ತು?" ಅಂತ ಕೇಳಿಯೇ ಕೇಳುತ್ತಾರೆ. ಕಾರಣ ಒಂದು ವಾಕ್ಯ, ಈಗ ಹೇಗಿದೆ ಅನ್ನುವುದು ಒಂದು ವಾಕ್ಯ, ಅಲ್ಲಿಗೆ ನಿಲ್ಲಿಸಿ. ಅವರಿಗೆ ಬೇಕಿದ್ದರೆ ಇನ್ನೂ ಕೇಳುತ್ತಾರೆ. ಇದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. ಮೊದಲ ಸಲ ಹೇಳುವಾಗ ಗಂಟಲು ಕಟ್ಟುತ್ತದೆ. ಅದು ಸಂದರ್ಶನದ ಕೋಣೆಗಿಂತ ಅಡುಗೆಮನೆಯಲ್ಲಿ ಆಗುವುದು ವಾಸಿ. ಸಂದರ್ಶನದಲ್ಲೂ ಕಣ್ಣೀರು ಬಂದರೆ ಬರಲಿ ಬಿಡಿ, ನೀರು ಕೇಳಿ ಕುಡಿದು ಮುಂದುವರಿಸಿ. ಅದಕ್ಕಾಗಿ ಯಾರೂ ಅಂಕ ಕಳೆಯುವುದಿಲ್ಲ.

ಅರ್ಜಿ ಹಾಕಿ ಆದಮೇಲೆ ಏನಾದರೂ ಆದರೆ? ಹೀಗೂ ಆಗುತ್ತದೆ. ಜನವರಿಯಲ್ಲಿ ಅರ್ಜಿ ಹೋಯಿತು, ಫೆಬ್ರವರಿಯಲ್ಲಿ ಮನೆಯಲ್ಲಿ ಸಾವಾಯಿತು, ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ. ಬ್ರಿಟನ್ನಿನ ಸೀಟು ಸಾಮಾನ್ಯವಾಗಿ ಸೆಕೆಂಡ್ ಪಿಯುನಲ್ಲಿ ಇಷ್ಟು ಬರಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟದ್ದು. ಫಲಿತಾಂಶ ಬಂದು, ಷರತ್ತು ತಪ್ಪಿದ ಮೇಲೆ ಕಾರಣ ಹೇಳಿದರೆ ಅದಕ್ಕೆ ಬೆಲೆ ಕಡಿಮೆ. ಫಲಿತಾಂಶಕ್ಕೆ ಮುಂಚೆಯೇ ಅಡ್ಮಿಷನ್ಸ್ ಆಫೀಸಿಗೆ ಇಮೇಲ್ ಹಾಕಿ. ಏನಾಯಿತು, ಯಾವ ತಾರೀಖು, ಯಾವ ಪರೀಕ್ಷೆಗೆ ತೊಂದರೆಯಾಯಿತು, ದಾಖಲೆ ಬೇಕಿದ್ದರೆ ಕಳಿಸುತ್ತೇನೆ. ಪ್ರಿನ್ಸಿಪಾಲರಿಂದಲೂ ನಾಲ್ಕು ಸಾಲು ಹಾಕಿಸಿ. ಅಂಥ ಹೊತ್ತಿನಲ್ಲಿ ನಿಮ್ಮ ಕೈಲಿ ಆಗದಿದ್ದರೆ ಮನೆಯಲ್ಲಿ ಯಾರಾದರೂ ಬಂದು ನಮಗೆ ಹೇಳಲಿ, ಕರಡು ನಾವು ಬರೆದುಕೊಡುತ್ತೇವೆ. ನೀವು ಓದಿ ನೋಡಿ ಕಳಿಸಿದರೆ ಆಯಿತು. ಸಬ್ಜೆಕ್ಟ್ ಲೈನಿನಲ್ಲಿ ನಿಮ್ಮ ಪೂರ್ತಿ ಹೆಸರು, ಅರ್ಜಿ ಸಂಖ್ಯೆ ಇರಲಿ. ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ ಇದ್ದರೆ ಎರಡನ್ನೂ ಬರೆಯಿರಿ. ಇನಿಷಿಯಲ್ ಹಿಂದುಮುಂದಾಗಿ ಇಮೇಲ್ ಬೇರೆಯವರ ಫೈಲಿಗೆ ಸೇರಬಾರದು.